ಜರ್ಮನಿಯಲ್ಲಿರುವ ಆಫ್ಘನ್ ನಿರಾಶ್ರಿತರ ಓದಿನ ದಾಖಲೆ: ಡಿಜಿಟಲ್ ಪರಿಶೀಲನೆ ಎಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ?

ಮೈನ್_ತೀರ:

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಆಶ್ರಯ ಪಡೆದಿರುವ ಇಬ್ಬರು ಆಫ್ಘನ್ನರ ವಿಷಯ ಕೇಳಬೇಕಿತ್ತು.

ಒಬ್ಬರು ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ವಿದ್ಯಾರ್ಥಿವೇತನದಲ್ಲಿ ಕರ್ನಾಟಕಕ್ಕೆ ಬಂದು 2014ರಲ್ಲಿ ಬಿಸಿಎ ಮುಗಿಸಿದವರು. ಮೂಲ ಪ್ರತಿಗಳೆಲ್ಲ ಕಾಬೂಲಿನಲ್ಲೇ ಉಳಿದಿವೆ. ಕೈಯಲ್ಲಿರುವುದು ಆರನೇ ಸೆಮಿಸ್ಟರಿನ ಅಂಕಪಟ್ಟಿ ಮತ್ತು ಘಟಿಕೋತ್ಸವ ಪ್ರಮಾಣಪತ್ರದ ಮೊಬೈಲ್ ಫೋಟೊ, ಅಷ್ಟೇ. ಇನ್ನೊಬ್ಬಾಕೆ ಕಾಬೂಲಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದರು. 2022ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಕಾಲಿಡಬಾರದೆಂದು ತಾಲಿಬಾನ್ ಆದೇಶ ಹೊರಡಿಸಿದಾಗ ಐದು ಸೆಮಿಸ್ಟರ್ ಮುಗಿದಿತ್ತು. ಅವರ ಬಳಿ ವಿದ್ಯಾರ್ಥಿ ಗುರುತಿನ ಚೀಟಿ, ಎರಡು ಸೆಮಿಸ್ಟರಿನ ಫಲಿತಾಂಶದ ಸ್ಕ್ರೀನ್‌ಶಾಟ್ ಇವೆ.

ಮೊದಲನೆಯವರಿಗೆ ಡಿಜಿಲಾಕರಿನಿಂದ ದಾಖಲೆ ತೆಗೆಸಬಹುದೇ? ಎರಡನೆಯವರಿಗೆ ಯಾವುದಾದರೂ ಡಿಜಿಟಲ್ ದಾರಿ ಇದೆಯೇ? "ಬ್ಲಾಕ್‌ಚೈನಿಗೆ ಹಾಕಿಬಿಟ್ಟರೆ ಯಾರೂ ಪ್ರಶ್ನಿಸುವಂತಿಲ್ಲ" ಅನ್ನುವವರೂ ಇದ್ದಾರೆ. ಇದರಲ್ಲಿ ಹುರುಳಿದೆಯೇ?

ಪರೀಕ್ಷಾಂಗ_ಬಲ್ಲವ:

ಬಿಸಿಎ ಮುಗಿಸಿದವರ ವಿಷಯ ಹೇಳುತ್ತೇನೆ. ಡಿಜಿಲಾಕರ್ ಆಸೆ ಬಿಡಿ. ಅಲ್ಲಿಂದ ದಾಖಲೆ ಪಡೆಯಲು ಸಾಮಾನ್ಯವಾಗಿ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಬೇಕು. ಭಾರತ ಬಿಟ್ಟು ವರ್ಷಗಳಾದ ವಿದೇಶಿಯರ ಬಳಿ ಅವೆರಡೂ ಇರುವುದು ಅಪರೂಪ. ಇದ್ದರೂ, ಡಿಜಿಲಾಕರಿಗೆ ಅಂಕಪಟ್ಟಿ ಒದಗಿಸುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಅಂಕ ಏರಿಸಬೇಕಾದ್ದು ವಿಶ್ವವಿದ್ಯಾಲಯ. ಹಳೆಯ ಬ್ಯಾಚುಗಳದ್ದು ಅಲ್ಲಿ ಇದ್ದೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್ ಬಂದದ್ದೇ 2021ರಲ್ಲಿ.

ಆದರೆ ಪರೀಕ್ಷಾ ವಿಭಾಗದ ಲೆಡ್ಜರ್ ಎಲ್ಲೂ ಹೋಗಿರುವುದಿಲ್ಲ. ಕೇಳಬೇಕಾದ್ದು ನೈಜತಾ ಪರಿಶೀಲನೆ. ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಗೆ ಬರೆಯಬೇಕು. ಎಲ್ಲಕ್ಕಿಂತ ಮುಖ್ಯ ರಿಜಿಸ್ಟರ್ ನಂಬರು. ಅಂಕಪಟ್ಟಿಯ ಫೋಟೊದಲ್ಲಿ ಅದೊಂದು ಸ್ಪಷ್ಟವಾಗಿ ಕಾಣಿಸಿದರೂ ಅರ್ಧ ಕೆಲಸ ಆದಂತೆ. ಜೊತೆಗೆ ಕಾಲೇಜಿನ ಹೆಸರು, ಪರೀಕ್ಷೆ ಬರೆದ ತಿಂಗಳು ಮತ್ತು ವರ್ಷ, ಓದುವಾಗ ಇದ್ದ ಪಾಸ್‌ಪೋರ್ಟಿನ ಪ್ರತಿ, "ನನ್ನ ದಾಖಲೆಯನ್ನು ಇಂಥ ಸಂಸ್ಥೆಗೆ ತಿಳಿಸಲು ನನ್ನ ಒಪ್ಪಿಗೆ ಇದೆ" ಎಂಬ ಸಹಿ ಹಾಕಿದ ಪತ್ರ. ಉತ್ತರ ಅಭ್ಯರ್ಥಿಯ ಕೈಗೆ ಬರುವುದಕ್ಕಿಂತ, ಅಧಿಕೃತ ಇಮೇಲಿನಿಂದ ನೇರವಾಗಿ ಜರ್ಮನಿಯ ಸಂಸ್ಥೆಗೆ ಹೋಗುವಂತೆ ಕೇಳಿ. ಅಲ್ಲಿ ಬೆಲೆ ಬರುವುದು ಅದಕ್ಕೇ.

ಮೂರು ಕಡೆ ಎಡವುತ್ತದೆ. ಒಂದು, ಮರುಮೌಲ್ಯಮಾಪನದಲ್ಲಿ ಅಂಕ ಬದಲಾಗಿದ್ದರೆ ಹಳೆಯ ಅಂಕಪಟ್ಟಿಯ ಫೋಟೊ ಲೆಡ್ಜರಿಗೆ ತಾಳೆಯಾಗುವುದಿಲ್ಲ; "ಹೊಂದಿಕೆಯಿಲ್ಲ" ಎಂಬ ಉತ್ತರ ಬಂದು, ಪ್ರಾಮಾಣಿಕರ ಮೇಲೂ ನಕಲಿಯ ಶಂಕೆ ಬೀಳುತ್ತದೆ. ಮರುಮೌಲ್ಯಮಾಪನಕ್ಕೆ ಹಾಕಿದ್ದರೆ, ಬ್ಯಾಕ್‌ಲಾಗ್ ಇದ್ದರೆ ಪತ್ರದಲ್ಲಿ ಮೊದಲೇ ಬರೆಯಿರಿ. ಎರಡು, ಹೆಸರು. ಆಫ್ಘನ್ನರಲ್ಲಿ ಕುಲನಾಮವಿಲ್ಲದೆ ಒಂಟಿ ಹೆಸರಿರುವವರು ಬಹಳ. ನಮ್ಮಲ್ಲಿ ಆ ಒಂದೇ ಹೆಸರನ್ನು ಅಂಕಪಟ್ಟಿಯಲ್ಲಿ ಅಚ್ಚು ಹಾಕಿರುತ್ತಾರೆ, ಜರ್ಮನ್ ದಾಖಲೆಯಲ್ಲಿ ಅದಕ್ಕೆ ಕುಲನಾಮ ಸೇರಿರುತ್ತದೆ. ಇಲ್ಲಿ ನೆರವಿಗೆ ಬರುವುದು ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಕೊಟ್ಟ ವಾಸದ ಪರವಾನಗಿ: ಫೋಟೊ, ಪಾಸ್‌ಪೋರ್ಟ್ ಸಂಖ್ಯೆ ಒಂದೇ ಹಾಳೆಯಲ್ಲಿ ಇರುತ್ತವೆ. ಹಳೆಯ ಇಮೇಲಿನಲ್ಲಿ ಅದರ ಸ್ಕ್ಯಾನ್ ಇದೆಯೇ ಎಂದು ಹುಡುಕಿಸಿ. ಮೂರು, ಕಾಲೇಜಿಗೆ ಬರೆದು ವಿಶ್ವವಿದ್ಯಾಲಯಕ್ಕೆ ಬರೆಯದೆ ಇರುವುದು. ಸಂಯೋಜಿತ ಕಾಲೇಜು ಪದವಿ ಕೊಡುವುದಿಲ್ಲ. ಅದರ ಪತ್ರ ಓದಿದ್ದಕ್ಕೆ ಸಾಕ್ಷಿ, ತೇರ್ಗಡೆಗೆ ಅಲ್ಲ.

ಸಹಿ_ಕೀಲಿ:

ಬ್ಲಾಕ್‌ಚೈನ್ ಪ್ರಶ್ನೆಗೆ ಉತ್ತರ: ಈ ಇಬ್ಬರಿಗೂ ಅದರಿಂದ ಏನೂ ಸಿಗುವುದಿಲ್ಲ. ಯಾವುದೇ ಡಿಜಿಟಲ್ ಸಹಿ ಹೇಳುವುದು ಎರಡೇ ಸಂಗತಿ: ಈ ಕಡತಕ್ಕೆ ಇಂಥ ಕೀಲಿಯಿಂದ (ಸಹಿ ಹಾಕುವವರ ಬಳಿ ಮಾತ್ರ ಇರುವ ಗುಪ್ತ ಸಂಕೇತ) ಸಹಿ ಬಿದ್ದಿದೆ, ಆಮೇಲೆ ಇದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆ ಕೀಲಿ ವಿಶ್ವವಿದ್ಯಾಲಯದ್ದೇ ಎಂದು ಬೇರೆ ಕಡೆಯಿಂದ ಖಚಿತವಾಗಬೇಕು. ಮೊಬೈಲ್ ಫೋಟೊವನ್ನು ನೀವೇ ಬ್ಲಾಕ್‌ಚೈನಿಗೆ ಏರಿಸಿದರೆ, ಆ ಫೋಟೊ ಅಂದು ಇತ್ತು ಎಂಬುದಷ್ಟೇ ಸಾಬೀತು. ಅದರೊಳಗಿನ ಅಂಕ ನಿಜವೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ವೆರಿಫಯಬಲ್ ಕ್ರೆಡೆನ್ಶಿಯಲ್ (ಪರಿಶೀಲಿಸಬಹುದಾದ ಡಿಜಿಟಲ್ ಪ್ರಮಾಣಪತ್ರ) ಮಾನಕದಲ್ಲೂ ಇದೇ ಕಥೆ. ಕೊಡುವವರು, ಇಟ್ಟುಕೊಳ್ಳುವವರು, ಪರೀಕ್ಷಿಸುವವರು ಎಂದು ಮೂವರು. ಕೊಡುವವರು ಸಹಿ ಹಾಕದೆ ಮುಂದಿನದೇನೂ ನಡೆಯದು. ಉಕ್ರೇನಿನವರಿಗೆ ಡಿಜಿಟಲ್ ಪರಿಶೀಲನೆ ಒದಗಿ ಬಂದದ್ದಕ್ಕೆ ಕಾರಣ ಅವರ ರಾಷ್ಟ್ರೀಯ ಶಿಕ್ಷಣ ದತ್ತಾಂಶ ವ್ಯವಸ್ಥೆ ಎಡೆಬೋ. ಯುದ್ಧಕ್ಕೆ ಮೊದಲೇ ಡಿಪ್ಲೊಮಾಗಳ ಸಂಖ್ಯೆ ಅಲ್ಲಿ ದಾಖಲಾಗಿತ್ತು, ಹೊರಗಿನವರು ತಾಳೆ ನೋಡಬಹುದಿತ್ತು.

ಇನ್ನು ವಿಶ್ವವಿದ್ಯಾಲಯ ಸಹಿ ಹಾಕಿದ ಪಿಡಿಎಫ್ ಕಳಿಸಿತು ಎನ್ನಿ. ಅದನ್ನು ಮುದ್ರಿಸಿ ಸ್ಕ್ಯಾನ್ ಮಾಡಬೇಡಿ, "ಪ್ರಿಂಟ್ ಟು ಪಿಡಿಎಫ್" ಮಾಡಬೇಡಿ, ಸೈಜ್ ಇಳಿಸುವ ಜಾಲತಾಣಗಳಿಗೆ ಹಾಕಬೇಡಿ, ಹಲವು ಪಿಡಿಎಫ್ ಜೋಡಿಸಿ ಒಂದು ಮಾಡಬೇಡಿ. ನಾಲ್ಕರಲ್ಲಿ ಯಾವುದು ಮಾಡಿದರೂ ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತದೆ, ಸಹಿ ಮಾತ್ರ ಸತ್ತಿರುತ್ತದೆ. ಅರ್ಜಿಯ ತಾಣ ಒಂದೇ ಕಡತ ಕೇಳಿದರೆ ಜೋಡಿಸಿದ್ದನ್ನು ಅಲ್ಲಿ ಹಾಕಿ, ಮೂಲ ಕಡತವನ್ನು ಇಮೇಲಿನಲ್ಲಿ ಪ್ರತ್ಯೇಕ ಕಳಿಸಿ.

ಇನ್ನೊಂದು ತೊಡಕು: ಭಾರತದ ಸಹಿಯಿರುವ ಪಿಡಿಎಫ್ ಜರ್ಮನಿಯ ಕಂಪ್ಯೂಟರಿನಲ್ಲಿ ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ "ಸಿಂಧುತ್ವ ತಿಳಿದಿಲ್ಲ" ಎಂಬ ಅರ್ಥದ ಸಂದೇಶ ಬರಬಹುದು. ಕಡತ ನಕಲಿ ಎಂದಲ್ಲ, ಡಿಜಿಟಲ್ ಸಹಿಗಳಿಗೆ ಆಧಾರವಾದ ಭಾರತದ ರೂಟ್ ಪ್ರಮಾಣಪತ್ರ ಆ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂದಷ್ಟೇ. ಇದನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ಎರಡು ಸಾಲಿನಲ್ಲಿ ವಿವರಿಸಿ, ಇಲ್ಲದಿದ್ದರೆ ಗುಮಾಸ್ತರು ಪಕ್ಕಕ್ಕಿಡುತ್ತಾರೆ. ಕ್ಯೂಆರ್ ಕೋಡ್ ಇದ್ದರೆ ಅದು ಒಯ್ಯುವ ವಿಳಾಸ ವಿಶ್ವವಿದ್ಯಾಲಯದ ಅಧಿಕೃತ ಡೊಮೇನೇ ಎಂದು ಅಕ್ಷರಕ್ಷರ ನೋಡಿ. ನಕಲಿ ಮಾಡುವವರು ಮೊದಲು ಕಟ್ಟುವುದೇ ಪರಿಶೀಲನಾ ಪುಟವನ್ನು.

ಸಮಾನತೆ_ಶೋಧ:

ಎರಡನೆಯವರ ಬಗ್ಗೆ. ಮೊದಲ ಮಾತು: ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಕಾಬೂಲಿನ ವಿಶ್ವವಿದ್ಯಾಲಯಕ್ಕೋ ಸಚಿವಾಲಯಕ್ಕೋ ಆಫ್ಘನ್ ರಾಯಭಾರ ಕಚೇರಿಗೋ ಯಾರೂ ಬರೆಯಕೂಡದು. ಆಕೆ ಎಲ್ಲಿದ್ದಾರೆ ಎಂಬುದು ಆ ಒಂದು ಇಮೇಲಿನಿಂದ ಬಯಲಾದರೆ ಊರಿನಲ್ಲಿರುವ ಮನೆಯವರಿಗೆ ಅಪಾಯ. ಸ್ವಯಂಚಾಲಿತ ಪರಿಶೀಲನೆ ಮಾಡಿಕೊಡುವ ಖಾಸಗಿ ಸೇವೆಗಳು ಸುಮ್ಮನೆ ಸಂಬಂಧಪಟ್ಟ ಸಂಸ್ಥೆಗೆ ವಿಚಾರಣೆ ಕಳಿಸಿಬಿಡುತ್ತವೆ. ಹಾಗಾಗಿ ಅಲ್ಲಿಗೆ ದಾಖಲೆ ಏರಿಸುವ ಮುನ್ನ ಯಾರಿಗೆ ಬರೆಯುತ್ತಾರೆ ಎಂದು ಕೇಳಿ ತಿಳಿಯಿರಿ.

ದಾಖಲೆ ಇಲ್ಲದವರಿಗೆ ದಾರಿ ಕಾನೂನಿನಲ್ಲೇ ಇದೆ. 1997ರ ಲಿಸ್ಬನ್ ಒಡಂಬಡಿಕೆಯ 7ನೇ ವಿಧಿ, ಕಾಗದ ತೋರಿಸಲಾಗದ ನಿರಾಶ್ರಿತರ ಓದನ್ನೂ ನ್ಯಾಯವಾಗಿ, ಬೇಗ ಅಳೆಯುವ ವ್ಯವಸ್ಥೆ ಮಾಡಬೇಕೆನ್ನುತ್ತದೆ. ವಿಶ್ವವಿದ್ಯಾಲಯ ಪ್ರವೇಶಕ್ಕೆ ಜರ್ಮನಿಯಲ್ಲಿ ಆಧಾರ, ರಾಜ್ಯಗಳ ಶಿಕ್ಷಣ ಸಚಿವರ ಸಮ್ಮೇಳನದ 3 ಡಿಸೆಂಬರ್ 2015ರ ನಿರ್ಣಯ. ಅದರಲ್ಲಿ ಮೂರು ಹಂತ: ವಾಸದ ಸ್ಥಿತಿಯ ಪ್ರಕಾರ ಅರ್ಹರೇ, ಓದಿನ ವೃತ್ತಾಂತ ನಂಬುವಂತಿದೆಯೇ, ಕೊನೆಗೆ ಪರೀಕ್ಷೆ ಅಥವಾ ಅಳತೆಯ ವಿಧಾನ. ಪ್ರವೇಶ ವಿಭಾಗಕ್ಕೆ ಬರೆಯುವಾಗ ಈ ದಿನಾಂಕ ಹಾಕಿ ಬರೆಯಿರಿ. "ದಾಖಲೆ ಇಲ್ಲ, ಆಗಲ್ಲ" ಎಂಬ ಸಿದ್ಧ ಉತ್ತರ ಆಗ ಕಷ್ಟವಾಗುತ್ತದೆ.

ಗೆಲ್ಲುವುದೂ ಸೋಲುವುದೂ ಎರಡನೇ ಹಂತದಲ್ಲಿ. ಹನ್ನೆರಡನೇ ತರಗತಿಯಿಂದ ಐದನೇ ಸೆಮಿಸ್ಟರಿನವರೆಗೆ ಒಂದು ಕಾಲಪಟ್ಟಿ ಬರೆಯಿಸಿ: ಯಾವ ಶಾಲೆ, ಕಾಂಕೋರ್ ಪ್ರವೇಶ ಪರೀಕ್ಷೆಯ ವರ್ಷ ಮತ್ತು ಗುರುತಿನ ಸಂಖ್ಯೆ, ಪ್ರತಿ ಸೆಮಿಸ್ಟರಿನ ವಿಷಯಗಳು, ಪ್ರಯೋಗಾಲಯ, ಪಠ್ಯಪುಸ್ತಕ. ಶುಲ್ಕದ ರಸೀದಿ, ಟೆಲಿಗ್ರಾಂ ತರಗತಿ ಗುಂಪಿನ ನೋಟ್ಸು, ಅದೇ ತರಗತಿಯ ಗೆಳತಿಯ ಅಂಕಪಟ್ಟಿ ಎಲ್ಲವೂ ಪೂರಕ ಸಾಕ್ಷಿ. ಅವರು ಐದು ಸೆಮಿಸ್ಟರ್ ಎಂದದ್ದು ಐದೇ ಆಗಿರಲಿ; ಹೊಂದಿಸಲು ಹೋಗಿ ಆರು ಮಾಡಿದರೆ ಸಂದರ್ಶನದಲ್ಲಿ ಗೊತ್ತಾಗುತ್ತದೆ, ಉಳಿದ ಸತ್ಯವೂ ಅದರ ಜೊತೆ ಕೊಚ್ಚಿಹೋಗುತ್ತದೆ.

ದಿನಾಂಕ ಜೋಪಾನ. ಆಕೆಯ ಓದಿನ ಕಾಲದ ಆಫ್ಘನ್ ದಾಖಲೆಗಳು ಹೆಚ್ಚಾಗಿ ಸೌರ ಹಿಜ್ರಿ ಪಂಚಾಂಗದಲ್ಲಿರುತ್ತವೆ. 1399 ಎಂದರೆ 2020ರ ಮಾರ್ಚಿನಿಂದ 2021ರ ಮಾರ್ಚಿನವರೆಗೆ. ಸಾಮಾನ್ಯವಾಗಿ 621 ಕೂಡಿಸಬೇಕು. ವರ್ಷದ ಕೊನೆಗೆ, ಜನವರಿಯಿಂದ ಮಾರ್ಚ್ ನಡುವೆ ಬೀಳುವ ತಿಂಗಳುಗಳಿಗೆ 622. ಅನುವಾದಕರು ಎಲ್ಲಕ್ಕೂ ಒಂದೇ ಸಂಖ್ಯೆ ಕೂಡಿಸಿದರೆ ದಿನಾಂಕಗಳ ಕ್ರಮವೇ ಹಿಂದುಮುಂದಾಗಿ ಕಾಣಬಹುದು. ತಜ್ಕಿರಾದಲ್ಲಿ (ಆಫ್ಘನ್ ಗುರುತಿನ ಪತ್ರ) ವಯಸ್ಸು ಮಾತ್ರ ಇರುವವರಿಗೆ ಜರ್ಮನ್ ದಾಖಲೆಯಲ್ಲಿ ಜನ್ಮದಿನ ಹೆಚ್ಚಾಗಿ ಜನವರಿ 1 ಎಂದು ದಾಖಲಾಗಿರುತ್ತದೆ. ದಾಖಲೆಗಳ ನಡುವಿನ ಈ ವ್ಯತ್ಯಾಸವನ್ನೂ ಪತ್ರದಲ್ಲಿ ಹೇಳಿಬಿಡಿ.

ಯುರೋಪ್ ಮಂಡಳಿಯ ನಿರಾಶ್ರಿತರ ಅರ್ಹತಾ ಪಾಸ್‌ಪೋರ್ಟ್ ಎಂಬುದೂ ಇದೆ, 2017ರಿಂದ. ಪ್ರಶ್ನಾವಳಿ, ಇರುವ ದಾಖಲೆ, ಪರಿಣತ ಮೌಲ್ಯಮಾಪಕರೊಂದಿಗೆ ಸಂದರ್ಶನ. ಸಿಕ್ಕರೆ ಐದು ವರ್ಷ ಮಾನ್ಯ. ಅದು ಪದವಿಗೆ ಸಮ ಎಂಬ ಆದೇಶವಲ್ಲ, ಆದರೆ ಬೇರೆ ದೇಶಕ್ಕೆ ಹೋದಾಗ ಎಲ್ಲವನ್ನೂ ಮೊದಲಿನಿಂದ ಹೇಳುವುದು ತಪ್ಪುತ್ತದೆ. ಡಿಜಿಟಲ್ ಸಹಿಗೆ ನಿಜವಾದ ಜಾಗ ಇಲ್ಲಿದೆ: ಕಳೆದುಹೋದ ಅಂಕಪಟ್ಟಿಗಲ್ಲ, ಈಗ ನಡೆದ ಮೌಲ್ಯಮಾಪನದ ಫಲಿತಾಂಶಕ್ಕೆ. ಸಹಿ ಹಾಕುವ ಸಂಸ್ಥೆ ಬದುಕಿದೆ, ಉತ್ತರ ಕೊಡುತ್ತದೆ.

ಮೈನ್_ತೀರ:

ತುಂಬ ಉಪಕಾರವಾಯಿತು. ಬಿಸಿಎ ಮುಗಿಸಿದವರು ಉತ್ತರ ಬರುವವರೆಗೆ ಕೆಲಸ ಹುಡುಕದೆ ಕಾಯಬೇಕೇ?

ಸಮಾನತೆ_ಶೋಧ:

ಬೇಡ. ಜರ್ಮನಿಯಲ್ಲಿ ಐಟಿ ನಿಯಂತ್ರಿತ ವೃತ್ತಿಯಲ್ಲ. ಕೆಲಸದ ಅನುಮತಿ ಇದ್ದರೆ ಪದವಿಯ ಮಾನ್ಯತೆ ಇಲ್ಲದೆಯೂ ಸೇರಬಹುದು. ವೈದ್ಯರು, ನರ್ಸ್‌ಗಳಿಗೆ ಹಾಗಲ್ಲ. ಇಂದೇ ವಿದೇಶಿ ಪದವಿಗಳ ಜರ್ಮನ್ ದತ್ತಾಂಶ ತಾಣ ಅನಾಬಿನ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್ (ಮಾನ್ಯ ಸಂಸ್ಥೆ) ಗುರುತಿದೆಯೇ ನೋಡಿ, ಬಿಸಿಎ ಪದವಿ ಪಟ್ಟಿಯಲ್ಲಿದೆಯೇ ಎಂದೂ ನೋಡಿ. ಎರಡೂ ಬೇರೆ ಬೇರೆ ಹುಡುಕಾಟ. ಆ ಪುಟಗಳನ್ನು ಉಳಿಸಿ ಅರ್ಜಿಗೆ ಲಗತ್ತಿಸಿ. ಮುಂದೆ ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದುವ ಮನಸ್ಸಿದ್ದರೆ, ಭಾರತದ ಪದವಿಗೆ ಕೇಳುವ ಎಪಿಎಸ್ (ಜರ್ಮನ್ ರಾಯಭಾರ ಕಚೇರಿಯ ಶೈಕ್ಷಣಿಕ ದಾಖಲೆ ಪರಿಶೀಲನಾ ವಿಭಾಗ) ಪ್ರಮಾಣಪತ್ರ ಭಾರತೀಯ ಪ್ರಜೆಯಲ್ಲದ ನಿರಾಶ್ರಿತರಿಗೂ ಬೇಕೇ ಎಂದು ಆಯಾ ಪ್ರವೇಶ ವಿಭಾಗದಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಪರೀಕ್ಷಾಂಗ_ಬಲ್ಲವ:

ಕರ್ನಾಟಕಕ್ಕೆ ಬರೆಯುವಾಗ ಇಮೇಲಿನ ವಿಷಯದ ಸಾಲಿನಲ್ಲೇ ರಿಜಿಸ್ಟರ್ ನಂಬರು, ಕೋರ್ಸು, ವರ್ಷ ಹಾಕಿ. ಶುಲ್ಕವನ್ನು ವಿದೇಶಿ ಕಾರ್ಡಿನಿಂದ ಕಟ್ಟಲಾಗದಿದ್ದರೆ ಇಲ್ಲಿರುವ ಯಾರಾದರೂ ಕಟ್ಟಿ ಚಲನ್ ಪ್ರತಿ ಕಳಿಸಬಹುದೇ ಎಂದು ಅದೇ ಪತ್ರದಲ್ಲಿ ಕೇಳಿ.