ಅಮೆರಿಕ–ಯುರೋಪ್ ನಂಟು ಸಡಿಲವಾಗುತ್ತಿದೆಯಾ?

ಪ್ರಶ್ನೆ:
2025ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮಾಡಿದ ಭಾಷಣವನ್ನು ನಾನು ಪೂರ್ತಿ ಕೇಳಿದೆ. ರಷ್ಯಾ, ಚೀನಾಕ್ಕಿಂತ ಯುರೋಪಿನ ಒಳಗಿನ ಅಪಾಯವೇ ತಮಗೆ ಹೆಚ್ಚಿನ ಚಿಂತೆ ಎಂದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. 1949ರಿಂದ ನ್ಯಾಟೋ ಎಂಬ ರಕ್ಷಣಾ ಕೂಟದಲ್ಲಿ ಜೊತೆಗಿದ್ದವರು ಹೀಗೇಕೆ ದೂರವಾಗುತ್ತಿದ್ದಾರೆ? ಎಲ್ಲ ಟ್ರಂಪ್ ಒಬ್ಬರಿಂದಲೇ ಆಯಿತಾ?

ಉತ್ತರ 1:
ಇಲ್ಲ ಸರ್, ಜಗಳ ಹಳೆಯದು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯ ವಿಷಯಕ್ಕೆ ಬ್ರಿಟನ್, ಫ್ರಾನ್ಸ್ ಮೇಲೆ ಅಮೆರಿಕ ಒತ್ತಡ ಹಾಕಿತ್ತು. 2003ರಲ್ಲಿ ಇರಾಕ್ ಯುದ್ಧವನ್ನು ಫ್ರಾನ್ಸ್, ಜರ್ಮನಿ ವಿರೋಧಿಸಿದವು. ಆಮೇಲೆ ಸರಿಹೋಯಿತು.

ಉತ್ತರ 2:
ಈ ಸಲ ಬೇರೆ ಅಲ್ವಾ? ಆಗಿನ ಜಗಳ ಬೇರೆಯವರ ನೆಲದ್ದು. ಈಗ ನ್ಯಾಟೋದಲ್ಲೇ ಇರುವ ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ಬೇಕು ಎನ್ನುತ್ತಿದ್ದಾರೆ ಟ್ರಂಪ್! ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೋದ 5ನೇ ವಿಧಿ ಜಾರಿಯಾದದ್ದು ಒಂದೇ ಸಲ, 2001ರ ದಾಳಿಯ ನಂತರ, ಅಮೆರಿಕಕ್ಕಾಗಿ. ಅಫ್ಘಾನಿಸ್ತಾನದಲ್ಲಿ ಡೆನ್ಮಾರ್ಕ್‌ನ 40ಕ್ಕೂ ಹೆಚ್ಚು ಸೈನಿಕರು ಸತ್ತರು. ಆ ಮನೆಯವರಿಗೆ ಇದನ್ನು ಕೇಳಿದರೆ ಹೇಗನಿಸಬೇಡ?

ಪ್ರಶ್ನೆ ಕೇಳಿದವರು:
ನನ್ನನ್ನು ಕಾಡುವುದೂ ಅದೇ. 2025ರ ನ್ಯಾಟೋದ ಹೇಗ್ ಸಭೆಯಲ್ಲಿ ಯುರೋಪಿನವರು 2035ರೊಳಗೆ ಜಿಡಿಪಿಯ 5% ರಕ್ಷಣೆಗೆ ಎಂದು ಒಪ್ಪಿಕೊಂಡರು. ಮರುತಿಂಗಳೇ ತಮ್ಮ ಬಹುತೇಕ ಸರಕಿಗೆ ಅಮೆರಿಕ ಹಾಕುವ 15% ಸುಂಕಕ್ಕೂ ತಲೆಯಾಡಿಸಿದರು. ಇಷ್ಟಾದ ಮೇಲೂ ಕಷ್ಟಕಾಲದಲ್ಲಿ ಅಮೆರಿಕ ಬರುತ್ತದೆ ಎಂದು ರಷ್ಯಾದ ಪಕ್ಕದಲ್ಲಿರುವ ಎಸ್ಟೋನಿಯಾದಂಥ ಪುಟ್ಟ ದೇಶ ನಂಬಬಹುದಾ?