ಸಹಾಯ ಬೇಕು: ಬಿಬಿಎ ತರಗತಿಗೆ ಬೋರ್‌ವೆಲ್ ಆಟ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಕಾಲೇಜೊಂದರಲ್ಲಿ ಬಿಬಿಎ ಪಾಠ ಮಾಡುತ್ತೇನೆ. ಸುಸ್ಥಿರತೆಯ ಚರ್ಚೆ ಗಿಡ ನೆಡುವುದು, ಪ್ಲಾಸ್ಟಿಕ್ ಬಿಡುವುದು ಇಷ್ಟಕ್ಕೇ ನಿಂತುಬಿಡುತ್ತಿದೆ.

ಡೆನಿಸ್ ಮೆಡೋಸ್ ರೂಪಿಸಿದ ಫಿಶ್‌ಬ್ಯಾಂಕ್ಸ್ ಆಟದಲ್ಲಿ ತಂಡಗಳು ಮೀನುಗಾರಿಕೆ ಕಂಪನಿಗಳಾಗಿ ಲಾಭಕ್ಕೆ ಹಡಗು ಹೆಚ್ಚಿಸುತ್ತಾ ಹೋಗುತ್ತವೆ. ತಡೆಯದಿದ್ದರೆ ಮೀನೇ ಖಾಲಿ. ಇದನ್ನು ಅಂತರ್ಜಲಕ್ಕೆ ಒಗ್ಗಿಸಬೇಕೆಂದಿದ್ದೇನೆ. ಸಾವಿರ ಅಡಿ ಕೊರೆಸಿದರೂ ನೀರು ಬಾರದ ಬೋರ್‌ವೆಲ್, ಅದರ ಸಾಲ, ಟೊಮೆಟೊ ದರದ ಏರಿಳಿತ, ಎಲ್ಲವನ್ನೂ ನಮ್ಮ ಮಕ್ಕಳು ಮನೆಯಲ್ಲೇ ಕಂಡಿದ್ದಾರೆ.

ತೊಡಕಿರುವುದು ಲೆಕ್ಕದಲ್ಲಿ. ಪ್ರತಿ ಸುತ್ತಿಗೆ ಮಳೆಯಿಂದ ಎಷ್ಟು ನೀರು ಮರುಪೂರಣವಾಗಬೇಕು? ಹೆಚ್ಚಿಟ್ಟರೆ ಯಾರಿಗೂ ಬಿಸಿ ತಟ್ಟುವುದಿಲ್ಲ, ಕಡಿಮೆಯಾದರೆ ಆಟ ಬೇಗ ಮುಗಿಯುತ್ತದೆ. ಅಂಕ ಹೇಗೆ ಕೊಡಲಿ? ಬರೀ ಲಾಭಕ್ಕೆ ಕೊಟ್ಟರೆ ನೀರು ಬರಿದು ಮಾಡಿದವರೇ ಗೆಲ್ಲುತ್ತಾರೆ.

ನೀರು ಬತ್ತಿದ ಮೇಲೆ, ತಂಡಗಳೇ ಕೂತು ನಿಯಮ ಮಾಡಿಕೊಳ್ಳುವ ಎರಡನೇ ಆಟವೂ ಬೇಕು. ಹಂಚಿಕೆಯ ಸಂಪನ್ಮೂಲವನ್ನು ಬಳಕೆದಾರರೇ ಕಾಪಾಡಿಕೊಳ್ಳಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಭಾಗವಿಲ್ಲದಿದ್ದರೆ ಮಕ್ಕಳು ಹತಾಶೆಯನ್ನಷ್ಟೇ ಕಲಿತಾರು.

ತರಗತಿಯಲ್ಲಿ 60 ಜನ, ಒಂದು ಗಂಟೆ ಸಮಯ, ಕಂಪ್ಯೂಟರ್ ಇಲ್ಲ. ಇಂಥ ಆಟ ಆಡಿಸಿದವರು ನಿಯಮಗಳನ್ನೋ, ಆಟದ ನಂತರ ಕೇಳಿದ ಪ್ರಶ್ನೆಗಳನ್ನೋ ದಯವಿಟ್ಟು ಹಂಚಿಕೊಳ್ಳಿ. ಕನ್ನಡದಲ್ಲಿದ್ದರೆ ಇನ್ನೂ ಉಪಕಾರ.