ಹೋಮ್‌ಸ್ಕೂಲ್ + ಎ ಲೆವೆಲ್: ಕೆಸಿಇಟಿ ಅರ್ಹತೆ ಬಗ್ಗೆ ಸಹಾಯ ಬೇಕು

ನಮಸ್ಕಾರ. ಮಗಳು ಒಂದನೇ ಕ್ಲಾಸಿನಿಂದ ಬೆಂಗಳೂರಿನಲ್ಲೇ ಹೋಮ್‌ಸ್ಕೂಲ್. ಹತ್ತನೇ ತರಗತಿಗೆ ಬದಲಾಗಿ ಐದು ವಿಷಯ ಇಂಟರ್‌ನ್ಯಾಷನಲ್ ಜಿಸಿಎಸ್‌ಇ (ಬ್ರಿಟಿಷ್ ಪದ್ಧತಿಯ ಹತ್ತನೇ ಮಟ್ಟದ ಪರೀಕ್ಷೆ) ಆಗಿದೆ, ಎಲ್ಲದರಲ್ಲೂ ಸಿ ಗ್ರೇಡ್‌ಗಿಂತ ಮೇಲೆ. ಈಗ ಆನ್‌ಲೈನ್ ತರಗತಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಎ ಲೆವೆಲ್ (ಅದೇ ಪದ್ಧತಿಯಲ್ಲಿ ಪಿಯುಸಿ ಮಟ್ಟದ್ದು). ಪರೀಕ್ಷೆ ಪ್ರೈವೇಟ್ ಕ್ಯಾಂಡಿಡೇಟ್ ಆಗಿ, ಅಂದ್ರೆ ಶಾಲೆಗೆ ಸೇರದೆ.

ಐಬಿ ಡಿಪ್ಲೊಮಾ (ಇನ್ನೊಂದು ಅಂತಾರಾಷ್ಟ್ರೀಯ ಪಠ್ಯಕ್ರಮ) ಮಾನ್ಯತೆ ಪಡೆದ ಶಾಲೆಗೆ ಸೇರದೆ ಆಗಲ್ಲ, ಅದನ್ನು ಬಿಟ್ವಿ. ಎ ಲೆವೆಲ್ ನಡೆಸೋ ಕೇಂಬ್ರಿಡ್ಜ್ ಬೋರ್ಡ್‌ನಲ್ಲಿ ಎಎಸ್ (ಎ ಲೆವೆಲ್‌ನ ಮೊದಲ ಹಂತ) ಫಿಸಿಕ್ಸ್ ಮೂರನೇ ಪೇಪರ್ ಲ್ಯಾಬ್‌ನಲ್ಲೇ ಬರೀಬೇಕು. ಹೊರಗಿನ ಮಕ್ಕಳಿಗೆ ಲ್ಯಾಬ್ ಕೊಡೋ ಕೇಂದ್ರ ಸಿಗಲಿಲ್ಲ. ಹಾಗಾಗಿ ಇನ್ನೊಂದು ಬೋರ್ಡ್ ಪಿಯರ್ಸನ್ ಎಡೆಕ್ಸೆಲ್‌ನ ಇಂಟರ್‌ನ್ಯಾಷನಲ್ ಎ ಲೆವೆಲ್ ತಗೊಂಡ್ವಿ. ಅದರಲ್ಲಿ ಪ್ರಾಕ್ಟಿಕಲ್‌ಗೆ ಬದಲು 3 ಮತ್ತು 6ನೇ ಯೂನಿಟ್ ಬರವಣಿಗೆ ಪೇಪರ್: ತಲಾ 50 ಅಂಕ, 1 ಗಂಟೆ 20 ನಿಮಿಷ. ಇದೇ ದಾರಿ ಹುಡುಕ್ತಿರೋರು ಮೊದಲು ಈ ವ್ಯತ್ಯಾಸ ನೋಡ್ಕೊಳ್ಳಿ, ಒಂದು ವರ್ಷ ಉಳಿಯುತ್ತೆ.

ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) ಕೊಡೋ ತತ್ಸಮಾನ ಪ್ರಮಾಣಪತ್ರಕ್ಕೆ ಫಲಿತಾಂಶ ಬಂದಮೇಲೆ ಅರ್ಜಿ ಹಾಕ್ತೀವಿ, ಅದು ಗೊತ್ತಿದೆ. ಸಿಕ್ಕಿಹಾಕಿಕೊಂಡಿರೋದು ಬೇರೆ ಕಡೆ. ಕೆಸಿಇಟಿ ಅರ್ಹತಾ ನಿಯಮದ 'ಎ' ಷರತ್ತಿಗೆ (clause) ಕರ್ನಾಟಕದಲ್ಲಿ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೊಂದಿಗೆ. ಶಾಲೆಯೇ ಇಲ್ಲದ ಮಗುವಿಗೆ ಅದನ್ನು ಬರೆದುಕೊಡೋರು ಯಾರು? ಬಿಇಒ ಕಚೇರಿಯಲ್ಲಿ ವಿಚಾರಿಸಿದ್ರೆ ಶಾಲೆಯಿಂದ ತನ್ನಿ ಅಂದ್ರು. ಶಾಲೆಯಲ್ಲಿ ಓದದೆ ಪ್ರಮಾಣಪತ್ರ ಕೊಂಡುಕೊಳ್ಳೋದು ಸುಳ್ಳು ದಾಖಲೆ, ಆ ದಾರಿ ದಯವಿಟ್ಟು ಹೇಳಬೇಡಿ.

ನನ್ನ ಪ್ರಶ್ನೆ ಇಷ್ಟೇ: ಹೋಮ್‌ಸ್ಕೂಲ್ ಮಗುವಿಗೆ ಕೆಇಎ (ಕೆಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆಯಲ್ಲಿ ಅರ್ಹತೆ ಸಿಕ್ಕ ಉದಾಹರಣೆ ಯಾರಿಗಾದ್ರೂ ಗೊತ್ತಾ? ಸಿಕ್ಕಿದ್ರೆ ಯಾವ ಷರತ್ತಿನ ಅಡಿ, ಯಾವ ದಾಖಲೆ ಕೊಟ್ಟು?